ಆಲನ್ ಕುಲ್ವಿಕಿಯ ಒಂದು ಸುತ್ತು

ಕಳೆದ ಬೇಸಗೆಯಲ್ಲಿ ಅಮ್ಮ ಬೆಂಗಳೂರಿನಿಂದ ಶಾರ್ಲೆಟ್‌ಗೆ, ನಮ್ಮ ಮನೆಗೆ ಬಂದಿದ್ದಳು. ದೇವಸ್ಥಾನ, ಮಾಲು, ಪರಿಚಯದವರ ಮನೆಯ ಊಟ ಎಲ್ಲ ಮುಗಿದ ಮೇಲೆ, ಬಿಡದೆ ಮಳೆ ಸುರಿಯುತ್ತಿದ್ದ ಒಂದು ಶನಿವಾರ ಎಲ್ಲಿಗೆ ಕರೆದುಕೊಂಡು ಹೋಗುವುದೆಂದು ತೋಚದೆ ಊರೊಳಗಿನ, ಮಾಮೂಲಿ ಕಾರುಗಳನ್ನು ಹೋಲುವ ಸ್ಟಾಕ್ ಕಾರುಗಳ ರೇಸಿನ ಮ್ಯೂಸಿಯಮ್ಮಾದ ನ್ಯಾಸ್ಕಾರ್ ಹಾಲ್ ಆಫ್ ಫೇಮ್‌ಗೆ ಕರೆದೊಯ್ದೆ. ಅಲ್ಲಿ ಗ್ಲೋರಿ ರೋಡ್ ಎಂಬ ಬಾಗಿದ ಏರುದಾರಿಯಿದೆ. ಬೇರೆ ಬೇರೆ ಕಾಲದ ರೇಸ್ ಕಾರುಗಳನ್ನು ಸಾಲಾಗಿ ನಿಲ್ಲಿಸಿದ ಆ ದಾರಿ ಸಮತಟ್ಟಾಗಿ ಶುರುವಾಗಿ, ಮೇಲೇರುತ್ತ ಹೋದಂತೆ ಟಾಲಡೀಗಾ ಟ್ರ್ಯಾಕಿನಂತೆ 33 ಡಿಗ್ರಿಯವರೆಗೆ ವಾಲುತ್ತದೆ. ಅಮ್ಮ ಕಂಬಿ ಹಿಡಿದುಕೊಂಡು, ಕಾರುಗಳಿಗಿಂತ ಆ ವಾಲಿಕೆಯನ್ನೇ ಅನುಮಾನದಿಂದ ನೋಡುತ್ತ ನಡೆದಳು. ಆಮೇಲೆ ಹಳೆಯ ರೇಸೊಂದು ಓಡುತ್ತಿದ್ದ ಪರದೆಯ ಮುಂದೆ ನಿಂತು ಎರಡು ಮೂರು ನಿಮಿಷ ನೋಡಿ, "ಇದೇನೋ, ಇವರೆಲ್ಲ ಅಪ್ರದಕ್ಷಿಣೆ ಸುತ್ತುತ್ತಿದ್ದಾರಲ್ಲೋ?" ಎಂದಳು.

ಹತ್ತು ವರ್ಷಕ್ಕೂ ಮಿಕ್ಕಿ ಈ ಊರಿನಲ್ಲಿದ್ದೇನೆ. ನ್ಯಾಸ್ಕಾರ್ ತಂಡಗಳಲ್ಲಿ ಬಹುಪಾಲಿನ ಕಾರ್ಖಾನೆಗಳು ಇಲ್ಲಿಯೇ ಸುತ್ತಮುತ್ತ ಇವೆ. ಆಫೀಸಿನ ಊಟದ ಮೇಜಿನಲ್ಲಿ ಸೋಮವಾರವೆಂದರೆ ಭಾನುವಾರದ ರೇಸಿನದೇ ಮಾತು. ಅಮೆರಿಕದ ಅಂಡಾಕಾರದ ಟ್ರ್ಯಾಕುಗಳಲ್ಲಿ ಕಾರುಗಳು ಯಾವಾಗಲೂ ಎಡಕ್ಕೇ ತಿರುಗುತ್ತವೆ ಎಂಬುದು ಇಲ್ಲಿಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಆದರೆ ಅದನ್ನು ಅಪ್ರದಕ್ಷಿಣೆ ಎಂದು ನಾನೊಮ್ಮೆಯೂ ಯೋಚಿಸಿರಲಿಲ್ಲ. ಮನಸ್ಸು ತಟ್ಟನೆ ಹೋದದ್ದು ಆಲನ್ ಕುಲ್ವಿಕಿ ಎಂಬ ಚಾಲಕನ ಕಡೆಗೆ. ಗೆದ್ದ ಮೇಲೆ ಕಾರನ್ನು ಹಿಂದಕ್ಕೆ ತಿರುಗಿಸಿ ಬಲಗಡೆಯಿಂದ, ಅಂದರೆ ಅಮ್ಮನ ಲೆಕ್ಕದಲ್ಲಿ ಸರಿಯಾದ ಪ್ರದಕ್ಷಿಣೆಯಾಗಿ, ಒಂದು ಸುತ್ತು ಹಾಕಿದವನು ಆತ. "ಒಬ್ಬನಿದ್ದ ಅಮ್ಮಾ, ಸರಿಯಾಗಿ ಸುತ್ತಿದವನು" ಎಂದು ಹೇಳಲು ಶುರುಮಾಡಿದೆ. ಹೇಳುತ್ತ ಹೋದಂತೆ, ಈ ಕತೆ ವರ್ಷಗಳಿಂದ ನನ್ನನ್ನು ಯಾಕೆ ಕಾಡುತ್ತಿದೆ ಎಂಬುದು ನನಗೇ ಹೊಳೆಯತೊಡಗಿತು.

ಮಸಿ ಹಿಡಿದ ಟ್ರಕ್ಕು

ಕುಲ್ವಿಕಿ ಹುಟ್ಟಿದ್ದು 1954ರಲ್ಲಿ, ಉತ್ತರದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಪೋಲೆಂಡ್ ಮೂಲದ ಕ್ಯಾಥೊಲಿಕ್ ಕುಟುಂಬದಲ್ಲಿ. ಮಿಲ್ವಾಕಿಯ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು. ಆ ಕಾಲದ ಸ್ಟಾಕ್ ಕಾರ್ ರೇಸಿಂಗ್ ದಕ್ಷಿಣದವರ ಆಟ. ತಾತ ಓಡಿಸುತ್ತಿದ್ದ, ಅಪ್ಪ ಓಡಿಸುತ್ತಿದ್ದ, ಹಾಗಾಗಿ ಮಗನೂ ಓಡಿಸುತ್ತಾನೆ ಎನ್ನುವಂಥ ಮನೆತನಗಳ ಆಟ. ಅದರೊಳಕ್ಕೆ ಪದವಿ ಪಡೆದ, ಟ್ರ್ಯಾಕಿಗೆ ಬ್ರೀಫ್‌ಕೇಸ್ ಹಿಡಿದು ಬರುವ, ಯಾರೊಂದಿಗೂ ಸಲೀಸಾಗಿ ಬೆರೆಯದ ಉತ್ತರದ ಬ್ರಹ್ಮಚಾರಿಯೊಬ್ಬ ಕಾಲಿಟ್ಟಾಗ ಅಲ್ಲಿಯವರಿಗೆ ಹೇಗೆ ಕಂಡಿರಬಹುದೆಂಬುದನ್ನು ಊಹಿಸುವುದು ನಮಗೇನೂ ಕಷ್ಟವಲ್ಲ. ಸಂತೆಗೆ ಸ್ಲೈಡ್ ರೂಲ್ ಹಿಡಿದು ಬಂದವನಂತೆ ಕಂಡಿದ್ದಾನು.

1985ರಲ್ಲಿ ಆತ ಇದ್ದುದನ್ನೆಲ್ಲ ಮಾರಿ ಶಾರ್ಲೆಟ್‌ಗೆ ಬರಲು ಹೊರಟ. ಹೊರಡುವುದಕ್ಕೆ ಎರಡು ದಿನ ಮೊದಲು ಆತನ ಟ್ರಕ್ಕಿಗೆ ಬೆಂಕಿ ಬಿತ್ತು. ಇನ್ನೊಬ್ಬನಾಗಿದ್ದರೆ ಅದನ್ನು ಅಪಶಕುನವೆಂದು ತಿಳಿದು ಕೂರುತ್ತಿದ್ದನೇನೋ. ಆತ ಬೇರೊಂದು ಟ್ರಕ್ ಹೊಂದಿಸಿಕೊಂಡು ಬಂದೇ ಬಿಟ್ಟ. ಮರುವರ್ಷ, ಬೆರಳೆಣಿಕೆಯ ಜನ ಮತ್ತು ಬೇರೆ ತಂಡಗಳು ನಗುವಷ್ಟು ಕಡಿಮೆ ಸಾಮಾನಿನೊಂದಿಗೆ ಓಡಿ, ಆ ವರ್ಷದ ಅತ್ಯುತ್ತಮ ಹೊಸ ಚಾಲಕನೆಂಬ ಪ್ರಶಸ್ತಿ ಪಡೆದ. ಆಮೇಲೆ ತಂಡವೇ ತನ್ನದಾಯಿತು. ಮಾಲೀಕನೂ ತಾನೇ, ಚಾಲಕನೂ ತಾನೇ, ಎಂಜಿನ್ನಿನಿಂದ ಹಿಡಿದು ಸ್ಪ್ರಿಂಗಿನವರೆಗೆ ಎಲ್ಲದಕ್ಕೂ ಕೊನೆಯ ಮಾತು ತನ್ನದೇ. ಹೀಗೆ ಪ್ರತಿಯೊಂದನ್ನೂ ತಾನೇ ಇನ್ನೊಮ್ಮೆ ಪರೀಕ್ಷಿಸುವವನ ಕೈಕೆಳಗೆ ಕೆಲಸ ಮಾಡುವುದು ಸುಲಭವಲ್ಲ. ಅನೇಕರು ಬಂದರು, ಅನೇಕರು ಬಿಟ್ಟುಹೋದರು.

ಮೊದಲ ಗೆಲುವು ಬಂದದ್ದು 1988ರ ನವೆಂಬರ್‌ನಲ್ಲಿ, ಅರಿಜೋನಾದ ಫೀನಿಕ್ಸ್‌ನಲ್ಲಿ. ಬಾವುಟ ಬಿದ್ದ ಮೇಲೆ ಆತ ಕಾರನ್ನು ಹಿಂದಕ್ಕೆ ತಿರುಗಿಸಿ ಉಲ್ಟಾ ದಿಕ್ಕಿನಲ್ಲಿ ಒಂದು ಸುತ್ತು ಹಾಕಿದ. ಇದರ ಹಿಂದೆ ಎಂಜಿನಿಯರನ ತರ್ಕವಿದೆ. ಅಮೆರಿಕದ ಕಾರಿನಲ್ಲಿ ಚಾಲಕ ಎಡಗಡೆ ಕೂರುತ್ತಾನೆ. ಎಡಕ್ಕೆ ತಿರುಗುತ್ತ ಓಡುವಾಗ ಆತನ ಕಿಟಕಿ ಮೈದಾನದ ಒಳಭಾಗಕ್ಕೆ ಮುಖಮಾಡಿರುತ್ತದೆ, ಗೆದ್ದವನ ಮುಖ ಪ್ರೇಕ್ಷಕರಿಗೆ ಕಾಣುವುದಿಲ್ಲ. ತಿರುಗಿಸಿ ಓಡಿಸಿದರೆ ಕಿಟಕಿ ಜನರ ಕಡೆಗೆ ಬರುತ್ತದೆ, ಕೈ ಬೀಸಬಹುದು. ಪೋಲಿಷ್ ಜನರ ಬಗ್ಗೆ ಅಮೆರಿಕನ್ನರು ಮಾಡುವ ತಲೆಕೆಳಗಿನ ಹಾಸ್ಯವನ್ನು ತಾನೇ ಹೆಗಲಿಗೇರಿಸಿಕೊಂಡಂತೆ ಅದಕ್ಕೆ ಪೋಲಿಷ್ ವಿಕ್ಟರಿ ಲ್ಯಾಪ್ ಎಂಬ ಹೆಸರೂ ಬಿತ್ತು. ಕಾರಿನ ಮುಖದ ಮೇಲಿದ್ದ ಥಂಡರ್‌ಬರ್ಡ್ ಎಂಬ ಹೆಸರಿನಿಂದ ಮೊದಲೆರಡು ಇಂಗ್ಲಿಷ್ ಅಕ್ಷರಗಳನ್ನು ಕಿತ್ತು ಅಂಡರ್‌ಬರ್ಡ್ ಮಾಡಿದವನೂ ಇವನೇ; ಗೆಲ್ಲಲಾರನೆಂದು ಎಣಿಸಿದವನಿಗೆ ಇಂಗ್ಲಿಷಿನಲ್ಲಿ ಅಂಡರ್‌ಡಾಗ್ ಎನ್ನುತ್ತಾರಲ್ಲ, ಹಾಗೆ. ತನ್ನನ್ನು ಜನ ಹೇಗೆ ನೋಡುತ್ತಾರೆಂಬುದು ಚೆನ್ನಾಗಿ ಗೊತ್ತಿದ್ದು, ಅದರಿಂದ ನೊಂದುಕೊಳ್ಳುವ ಬದಲು ಅದನ್ನೇ ಬಂಪರಿಗೆ ಅಂಟಿಸಿಕೊಂಡು ಓಡಾಡಿದ ಮನುಷ್ಯ. ನನಗೆ ಆತನಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿಸುವುದು ಇದೇ.

ಬೇಡವೆಂದ ಹತ್ತು ಲಕ್ಷ

ಜೂನಿಯರ್ ಜಾನ್ಸನ್ ಎಂದರೆ ಈ ಆಟದ ದೊಡ್ಡ ಹೆಸರು. ನಾರ್ತ್ ಕರೋಲಿನಾದ ಗುಡ್ಡಗಳಲ್ಲಿ ಪೊಲೀಸರ ಕಣ್ಣು ತಪ್ಪಿಸಿ ಕಳ್ಳಭಟ್ಟಿ ಸಾಗಿಸುತ್ತ ಕಾರು ಓಡಿಸುವುದನ್ನು ಕಲಿತು, ಚಾಲಕನಾಗಿ 50 ರೇಸು ಗೆದ್ದು, ಆಮೇಲೆ ಮಾಲೀಕನಾಗಿ ಆರು ಚಾಂಪಿಯನ್‌ಷಿಪ್ ಪಡೆದವನು. ಆತ 1990ರಲ್ಲಿ ಕುಲ್ವಿಕಿಯನ್ನು ಕರೆದು, ನನ್ನ ಕಾರು ಓಡಿಸು, ಹತ್ತು ಲಕ್ಷ ಡಾಲರ್ ಕೊಡುತ್ತೇನೆ ಎಂದ. ಕುಲ್ವಿಕಿ ಒಲ್ಲೆನೆಂದ. ಒಲ್ಲೆನೆಂದದ್ದರ ಬೆಲೆಯೂ ಬೇಗನೆ ತಿಳಿಯಿತು. ಆತ ಪ್ರಾಯೋಜಕತ್ವಕ್ಕಾಗಿ ಮಾತಾಡುತ್ತಿದ್ದ ಕಾಫಿ ಕಂಪನಿ ಜಾನ್ಸನ್ನನ ತಂಡಕ್ಕೇ ಹೋಯಿತು. 1991ರ ಋತು ಶುರುವಾದಾಗ ಕಾರಿನ ಮೇಲೆ ಬರೆಯಲು ಯಾರ ಹೆಸರೂ ಇರಲಿಲ್ಲ. ಗಲ್ಫ್ ಯುದ್ಧದ ಕಾಲವಾದ್ದರಿಂದ ಡೇಟೋನಾದಲ್ಲಿ ಅಮೆರಿಕದ ಸೈನ್ಯದ ಬಣ್ಣ ಬಳಿದುಕೊಂಡು ಓಡಿದ. ಅಟ್ಲಾಂಟಾಕ್ಕೆ ಬರುವ ಹೊತ್ತಿಗೆ ಹೂಟರ್ಸ್ ಎಂಬ ಹೋಟೆಲಿನವರು ಸಿಕ್ಕರು. ಅದು ಎಂಥ ಹೋಟೆಲೆಂಬುದನ್ನು ಅಮ್ಮನಿಗೆ ವಿವರಿಸುವ ಗೋಜಿಗೆ ನಾನು ಹೋಗಲಿಲ್ಲ.

ಈ ಭಾಗಕ್ಕೆ ಬಂದಾಗ ಅಮ್ಮ ಸುಮ್ಮನಾದಳು. ಯಾಕೆಂದು ನನಗೆ ಗೊತ್ತು. ಪೀಣ್ಯದಲ್ಲಿ ಅಪ್ಪನದೊಂದು ಸಣ್ಣ ವರ್ಕ್‌ಷಾಪ್ ಇತ್ತು. ಮೂರು ಲೇತು, ಒಂದು ಮಿಲ್ಲಿಂಗ್ ಮೆಷಿನ್ನು, ಶೀಟಿನ ಮಾಡು, ಬಾಗಿಲ ಪಕ್ಕದಲ್ಲಿ ಆಯುಧಪೂಜೆಯ ಕುಂಕುಮ ವರ್ಷವಿಡೀ ಉಳಿಯುತ್ತಿದ್ದ ಒಂದು ಗ್ರೈಂಡರು. ನಾನು ಎಂಟನೆಯ ತರಗತಿಯಲ್ಲಿದ್ದಾಗ, ಬೇಸಗೆ ರಜೆಯ ಒಂದು ಮಧ್ಯಾಹ್ನ, ಅಪ್ಪನಿಗೆ ಹೆಚ್ಚಿನ ಜಾಬ್ ವರ್ಕ್ ಕೊಡುತ್ತಿದ್ದ ದೊಡ್ಡ ಕಂಪನಿಯೊಂದರ ಅಧಿಕಾರಿ ಬಿಳಿ ಕಾಂಟೆಸಾ ಕಾರಿನಲ್ಲಿ ಬಂದರು. ಮೆಷಿನ್ನುಗಳಿಗೆ ಒಳ್ಳೆಯ ಬೆಲೆ ಕೊಟ್ಟು ತೆಗೆದುಕೊಳ್ಳುತ್ತೇವೆ, ನೀವು ನಮ್ಮಲ್ಲಿಯೇ ಪ್ರೊಡಕ್ಷನ್ ನೋಡಿಕೊಳ್ಳಿ, ತಿಂಗಳಿಗೆ ಇಷ್ಟು ಸಂಬಳ, ಪಿ.ಎಫ್. ಉಂಟು ಎಂದರು. ಅಪ್ಪ ಕೈಗೆ ಹತ್ತಿದ್ದ ಎಣ್ಣೆಯನ್ನು ಕಾಟನ್ ವೇಸ್ಟಿನಿಂದ ಒರೆಸಿಕೊಳ್ಳುತ್ತಲೇ ಇದ್ದರು, ಒಂದೊಂದೇ ಬೆರಳನ್ನು, ಉಗುರಿನ ಸಂದಿಯನ್ನು ಕೂಡ. ಕೊನೆಗೆ "ಬೇಡ ಸಾರ್, ಇದು ಹೀಗೇ ಇರಲಿ. ಮೊದಲು ಕಾಫಿ ತಗೊಳ್ಳಿ" ಎಂದರು. ಬೈಟೂ ತರಿಸಿದ್ದ ಕಾಫಿ ಮೂವರಿಗೆ ಹಂಚಿತ್ತು. ಅಧಿಕಾರಿ ಹೋದ ಮೇಲೆ ಅಪ್ಪ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಏನೋ ಲೆಕ್ಕ ಹಾಕಿ, ಮಡಚಿ ಜೇಬಿಗಿಟ್ಟುಕೊಂಡು, ಮತ್ತೆ ಲೇತಿನ ಮುಂದೆ ನಿಂತರು.

ಆರೇಳು ವರ್ಷಗಳಲ್ಲಿ ವರ್ಕ್‌ಷಾಪ್ ಮುಚ್ಚಿತು. ಕಂಪ್ಯೂಟರಿನಿಂದ ನಡೆಯುವ ಮೆಷಿನ್ನುಗಳು ಬಂದವು, ಕೆಲಸ ಅವುಗಳ ಕಡೆಗೆ ಹರಿಯಿತು, ಬ್ಯಾಂಕಿನ ಕಂತು ಬಾಕಿ ಬಿದ್ದಿತು. ಅಪ್ಪ ತೀರಿಕೊಂಡು ಈಗ ಒಂಬತ್ತು ವರ್ಷ. "ಅವತ್ತು ಹ್ಞೂಂ ಅಂದುಬಿಟ್ಟಿದ್ದರೆ" ಎಂಬ ಮಾತನ್ನು ಅಮ್ಮ ಇಂದಿಗೂ ಆಡುತ್ತಾಳೆ. ದೂರಾಗಿ ಅಲ್ಲ, ಸಾರಿಗೆ ಉಪ್ಪು ಒಂದು ಕಲ್ಲು ಕಡಿಮೆಯಾಯಿತು ಎನ್ನುವ ಹಾಗೆ. ನನ್ನನ್ನು ಕಾಡುವುದು ಈ ವಾಕ್ಯವೇ. ಅಪ್ಪನ ಒಲ್ಲೆ ಹಠವಾಯಿತು, ಕುಲ್ವಿಕಿಯ ಒಲ್ಲೆ ಛಲವಾಯಿತು. ಎರಡರ ನಡುವಿನ ವ್ಯತ್ಯಾಸ ಆ ಮಾತನ್ನಾಡಿದ ಗಳಿಗೆಯಲ್ಲಿತ್ತೇ, ಅಥವಾ ಆಮೇಲೆ ಏನಾಯಿತೆಂಬುದರಲ್ಲಿ ಮಾತ್ರ ಇದೆಯೇ?

ನೂರಾ ಮೂರು

1992ರ ಸೆಪ್ಟೆಂಬರ್‌ನಲ್ಲಿ ಡೋವರ್‌ನಲ್ಲಿ ಕುಲ್ವಿಕಿಯ ಕಾರು ಗೋಡೆಗೆ ಬಡಿಯಿತು. ವರ್ಷದ ರೇಸುಗಳ ಅಂಕವನ್ನೆಲ್ಲ ಕೂಡಿಸಿ ಹೆಚ್ಚು ಬಂದವನೇ ಚಾಂಪಿಯನ್; ಆರು ರೇಸು ಉಳಿದಿರುವಾಗ ಆತ ಮುಂದಿದ್ದವನಿಗಿಂತ 278 ಅಂಕ ಹಿಂದೆ. ಗೆದ್ದವನಿಗೆ 175, ಎರಡನೆಯವನಿಗೆ 170 ಎಂದು ಅಂಕ ಕೊಡುತ್ತಿದ್ದ ಆ ಪದ್ಧತಿಯಲ್ಲಿ ಅದು ದಾಟಲಾಗದ ಹೊಳೆ. ಮುಂದಿದ್ದವನು ಬಿಲ್ ಎಲಿಯಟ್. ಕುಲ್ವಿಕಿ ಒಲ್ಲೆನೆಂದ ಅದೇ ಜೂನಿಯರ್ ಜಾನ್ಸನ್ನನ ಕಾರಿನಲ್ಲಿ ಆ ವರ್ಷ ಕೂತಿದ್ದವನು. ಆದರೆ ಮುಂದಿನ ವಾರಗಳಲ್ಲಿ ಎಲಿಯಟ್‌ನ ಕಾರು ಒಂದಾದ ಮೇಲೊಂದು ಕೈಕೊಟ್ಟಿತು. ಫೀನಿಕ್ಸ್ ಗೆದ್ದ ಡೇವಿ ಆಲಿಸನ್ ಮುಂದೆ ಬಂದ. ಕುಲ್ವಿಕಿ ಸದ್ದಿಲ್ಲದೆ ಅಂಕಗಳನ್ನು ಕೂಡಿಸುತ್ತ ಬಂದ. ನವೆಂಬರ್ 15ರಂದು ಅಟ್ಲಾಂಟಾದ ಕೊನೆಯ ರೇಸಿಗೆ ಬಂದಾಗ ಆಲಿಸನ್‌ಗಿಂತ ಕುಲ್ವಿಕಿ 30 ಅಂಕ ಹಿಂದೆ, ಎಲಿಯಟ್ 40 ಅಂಕ ಹಿಂದೆ. ಲೆಕ್ಕದ ಮಟ್ಟಿಗೆ ಇವರಲ್ಲದೆ ಬೇರೆ ಮೂವರಿಗೂ ಅವಕಾಶವಿತ್ತು. ಅಂದೇ ಈ ಆಟದ ಹಿರಿಯ ದಂತಕತೆ ರಿಚರ್ಡ್ ಪೆಟಿಯ ಕೊನೆಯ ರೇಸು, ಅಂದೇ ಮುಂದೆ ದೊಡ್ಡ ಹೆಸರಾಗಲಿದ್ದ ಜೆಫ್ ಗಾರ್ಡನ್ನನ ಮೊದಲ ರೇಸು. ಆ ಮಧ್ಯಾಹ್ನದ ಬಗ್ಗೆ ಇಲ್ಲಿಯವರು ಇನ್ನೂ ಮಾತಾಡುವುದು ಸುಮ್ಮನಲ್ಲ.

ಆಲಿಸನ್ ಮೊದಲ ಐದರೊಳಗೆ ಮುಗಿಸಿದರೆ ಸಾಕಿತ್ತು. ಆದರೆ ಮುಂದೆ ಜಾರಿದ ಅರ್ನಿ ಅರ್ವಿನ್‌ನ ಕಾರಿಗೆ ಬಡಿದು ಆತನ ಆಟ ಮುಗಿಯಿತು. ಉಳಿದವರು ಇಬ್ಬರು. ಕುಲ್ವಿಕಿಯ ಕಾರಿನಲ್ಲಿ ಮೊದಲ ಗೇರು ಆಗಲೇ ಮುರಿದುಹೋಗಿತ್ತು. ಪೆಟ್ರೋಲಿಗೆ, ಟಯರಿಗೆ ನಿಲ್ಲುವ ಪಿಟ್‌ಗೆ ಬಂದಾಗಲೆಲ್ಲ ಹುಡುಗರು ಹಿಂದಿನಿಂದ ತಳ್ಳಬೇಕು, ಆತ ಮೇಲಿನ ಗೇರಿನಲ್ಲಿಯೇ ಕ್ಲಚ್ಚನ್ನು ಹದವಾಗಿ ಬಿಟ್ಟು ಹೊರಡಬೇಕು. ಏರಿನಲ್ಲಿ ನಿಂತ ಲಾರಿಯನ್ನು ಮೂರನೆಯ ಗೇರಿನಲ್ಲಿ ಎತ್ತಿದವರಿಗೆ ಇದು ಅರ್ಥವಾದೀತು. ಒಮ್ಮೆ ಆಫ್ ಆದರೆ ಅಲ್ಲಿಗೆ ವರ್ಷವೇ ಮುಗಿಯಿತು.

ಈಗ ಲೆಕ್ಕ. ಒಂದು ಸುತ್ತನ್ನಾದರೂ ಮುಂಚೂಣಿಯಲ್ಲಿ ಓಡಿದವನಿಗೆ ಐದು ಅಂಕ ಹೆಚ್ಚು. ಎಲ್ಲರಿಗಿಂತ ಹೆಚ್ಚು ಸುತ್ತು ಮುಂಚೂಣಿಯಲ್ಲಿ ಓಡಿದವನಿಗೆ ಇನ್ನೂ ಐದು. ಒಟ್ಟು 328 ಸುತ್ತು. ಕುಲ್ವಿಕಿ ಮತ್ತು ಪಿಟ್ ಹುಡುಗರ ಮುಂದಾಳು, ಆತನ ಕ್ರೂ ಚೀಫ್ ಪಾಲ್ ಆಂಡ್ರ್ಯೂಸ್ ಒಂದು ಕಡೆ ಟ್ಯಾಂಕಿನಲ್ಲಿ ಪೆಟ್ರೋಲು ಎಷ್ಟು ಉಳಿದಿದೆಯೆಂದು ಎಣಿಸುತ್ತಿದ್ದರು, ಇನ್ನೊಂದು ಕಡೆ ತಾವೆಷ್ಟು ಸುತ್ತು ಮುಂದಿದ್ದೆವು, ಎಲಿಯಟ್ ಎಷ್ಟು, ಇನ್ನೆಷ್ಟು ಬಾಕಿ ಎಂದು ಎಣಿಸುತ್ತಿದ್ದರು. ಉಳಿದ ಸುತ್ತುಗಳನ್ನೆಲ್ಲ ಎಲಿಯಟ್ ಮುಂದೆಯೇ ಓಡಿದರೂ ತಮ್ಮ ಸಂಖ್ಯೆಯನ್ನು ದಾಟಲಾರ ಎಂಬ ಗಳಿಗೆ ಬರುವವರೆಗೂ ಪಿಟ್‌ಗೆ ಬರಬಾರದು, ಆದರೆ ಅಷ್ಟರೊಳಗೆ ಪೆಟ್ರೋಲು ಮುಗಿಯಲೂಬಾರದು. ಆತ ಮುಂಚೂಣಿಯಲ್ಲಿ ತನ್ನ ನೂರಾ ಮೂರನೆಯ ಸುತ್ತು ಮುಗಿಸಿ ಒಳಗೆ ಬಂದ. ಟಯರು ಬದಲಿಸಲಿಲ್ಲ, ಒಂದಿಷ್ಟು ಪೆಟ್ರೋಲು ಮಾತ್ರ ಸುರಿದುಕೊಂಡು ಹೊರಟ. ಸುರಿದದ್ದು ಸಾಕಾದೀತೇ ಎಂಬ ಅಳುಕಿನಲ್ಲಿ ಉಳಿದ ಸುತ್ತುಗಳನ್ನು ಆಕ್ಸಿಲರೇಟರಿನ ಮೇಲೆ ಕಾಲು ಹಗುರ ಮಾಡಿಕೊಂಡೇ ಓಡಿಸಿದ.

ಎಲಿಯಟ್ ರೇಸು ಗೆದ್ದ. ಕುಲ್ವಿಕಿ ಎರಡನೆಯವನಾದ. ಎಲಿಯಟ್‌ಗೆ 175 ಮತ್ತು ಐದು. ಕುಲ್ವಿಕಿಗೆ 170, ಐದು, ಮತ್ತೆ ಐದು. ಇಬ್ಬರಿಗೂ ಅಂದು 180. ಹಾಗಾಗಿ ಬೆಳಿಗ್ಗೆ ಇದ್ದ ಹತ್ತು ಅಂಕದ ಅಂತರ ಸಂಜೆಯೂ ಹಾಗೆಯೇ ಉಳಿಯಿತು: 4078, 4068. ಮುಂಚೂಣಿಯ ಸುತ್ತುಗಳು ಕುಲ್ವಿಕಿಯವು 103, ಎಲಿಯಟ್‌ನವು 102. ಒಂದೇ ಒಂದು ಸುತ್ತು ಈ ಕಡೆಯಿಂದ ಆ ಕಡೆಗೆ ಹೋಗಿದ್ದರೆ ಆ ಐದು ಅಂಕ ಎಲಿಯಟ್‌ಗೆ ಸೇರಿ ಇಬ್ಬರೂ ಸರಿಸಮವಾಗುತ್ತಿದ್ದರು. ವರ್ಷದಲ್ಲಿ ಎಲಿಯಟ್ ಗೆದ್ದದ್ದು ಐದು ರೇಸು, ಕುಲ್ವಿಕಿ ಎರಡು. ಆದ್ದರಿಂದ ಚಾಂಪಿಯನ್‌ಷಿಪ್ ಕಪ್ ಎಲಿಯಟ್‌ಗೆ, ಅಂದರೆ ಜೂನಿಯರ್ ಜಾನ್ಸನ್ನನ ಮನೆಗೆ ಹೋಗುತ್ತಿತ್ತು.

ಅಮ್ಮನಿಗೆ ಇದನ್ನು ವಿವರಿಸಲು ಕಷ್ಟವಾಗಲಿಲ್ಲ. ಆಂಜನೇಯನಿಗೆ ನೂರೆಂಟು ಪ್ರದಕ್ಷಿಣೆ ಹರಕೆ ಹೊತ್ತಾಗ ಅವಳು ಸೆರಗಿನ ತುದಿಯಲ್ಲಿ ಕಡಲೆಕಾಳು ಕಟ್ಟಿಕೊಂಡು, ಸುತ್ತಿಗೊಂದರಂತೆ ಕಟ್ಟೆಯ ಮೇಲಿಡುತ್ತ ಹೋಗುತ್ತಾಳೆ. ಎಣಿಕೆ ತಪ್ಪಿತೆಂಬ ಅನುಮಾನ ಬಂದರೆ ಒಂದು ಹೆಚ್ಚು ಹಾಕಬೇಕೇ ಹೊರತು ಕಡಿಮೆಯಾಗಬಾರದು ಎಂಬುದು ಅವಳ ಶಾಸ್ತ್ರ. "ಹಾಗಾದರೆ ಅವನು ಕಾಳು ಇಟ್ಟುಕೊಂಡೇ ಓಡಿಸಿದ ಅನ್ನು" ಎಂದಳು. ಮತ್ತೇನು.

ಗೆದ್ದವನು ಕಾರಿನಿಂದ ಕೂಡಲೇ ಇಳಿಯಲಿಲ್ಲ. ಟಿ.ವಿ. ಕ್ಯಾಮೆರಾಗಳು ಕಾದಿದ್ದವು, ದೇಶವೆಲ್ಲ ನೋಡುತ್ತಿತ್ತು, ಆತ ಒಳಗೆ ಕೂತು ಬಾಚಣಿಗೆಯಿಂದ ತಲೆ ಬಾಚಿಕೊಳ್ಳುತ್ತಿದ್ದ. ಹೆಲ್ಮೆಟ್ಟಿನಡಿ ನಾಲ್ಕು ತಾಸು ಬೆವರಿದ ಕೂದಲನ್ನು ಒಪ್ಪವಾಗಿ ಕೂರಿಸಿಕೊಂಡ ಮೇಲೆಯೇ ಹೊರಬಂದ. ಕ್ಲಾಸಿನ ಗ್ರೂಪ್ ಫೋಟೋಗೆ ನಿಲ್ಲುವ ಹುಡುಗನ ಹಾಗೆ. ಕಾಲೇಜು ಪದವಿ ಪಡೆದವನೊಬ್ಬ ಈ ಕಪ್ ಗೆದ್ದದ್ದು ಅದೇ ಮೊದಲು. ತಂಡದ ಒಡೆಯನೂ ಚಾಲಕನೂ ತಾನೇ ಆಗಿದ್ದ ಇನ್ನೊಬ್ಬ ಇದನ್ನು ಗೆಲ್ಲಲು 2011ರವರೆಗೆ, ಟೋನಿ ಸ್ಟೂವರ್ಟ್ ಬರುವವರೆಗೆ ಕಾಯಬೇಕಾಯಿತು.

ಬ್ರಿಸ್ಟಲಿನ ಮಳೆ

ಐದು ತಿಂಗಳೂ ತುಂಬಿರಲಿಲ್ಲ. 1993ರ ಏಪ್ರಿಲ್ 1ರ ರಾತ್ರಿ, ನಾಕ್ಸ್‌ವಿಲ್‌ನಲ್ಲಿ ಪ್ರಾಯೋಜಕರ ಕಾರ್ಯಕ್ರಮವೊಂದನ್ನು ಮುಗಿಸಿ ಬ್ರಿಸ್ಟಲಿನ ರೇಸಿಗೆಂದು ಬರುತ್ತಿದ್ದ ಕುಲ್ವಿಕಿ, ಪ್ರಾಯೋಜಕರದೇ ಸಣ್ಣ ವಿಮಾನ ಟೆನೆಸ್ಸಿಯ ಬ್ಲೌಂಟ್‌ವಿಲ್ ಬಳಿ ನೆಲಕ್ಕಪ್ಪಳಿಸಿ, ಉಳಿದ ಮೂವರೊಂದಿಗೆ ತೀರಿಕೊಂಡ. ವಯಸ್ಸು 38. ಮರುದಿನ ಬೆಳಿಗ್ಗೆ ಬ್ರಿಸ್ಟಲಿನಲ್ಲಿ ಮಳೆ. ಆತನ ಕಾರನ್ನು ಹೊತ್ತು ತಂದಿದ್ದ ಉದ್ದನೆಯ ಟ್ರಕ್ಕು, ಮುಂಭಾಗಕ್ಕೆ ಕಪ್ಪು ಮಾಲೆ ಕಟ್ಟಿಕೊಂಡು, ಖಾಲಿ ಟ್ರ್ಯಾಕಿನಲ್ಲಿ ನಿಧಾನವಾಗಿ ಕೆಲವು ಸುತ್ತು ಹಾಕಿ, ಗೇಟಿನಿಂದ ಹೊರಟು ಊರಿನ ದಾರಿ ಹಿಡಿಯಿತು. ಆ ದೃಶ್ಯದ ವಿಡಿಯೋ ನೋಡಿದ್ದೇನೆ. ಯಾರೂ ಮಾತಾಡುವುದಿಲ್ಲ. ಆ ಭಾನುವಾರ ಅಲ್ಲಿ ಗೆದ್ದ ರಸ್ಟಿ ವಾಲೆಸ್ ತನ್ನ ಕಾರನ್ನು ತಿರುಗಿಸಿ ಪ್ರದಕ್ಷಿಣೆಯಾಗಿ ಒಂದು ಸುತ್ತು ಹಾಕಿದ. ಜುಲೈಯಲ್ಲಿ ಡೇವಿ ಆಲಿಸನ್ ಕೂಡ, ಹೆಲಿಕಾಪ್ಟರ್ ಬಿದ್ದು, ಹೊರಟುಹೋದ. ಅಟ್ಲಾಂಟಾದಲ್ಲಿ ವರ್ಷದ ಕೊನೆಗೆ ರೇಸು ಗೆದ್ದ ವಾಲೆಸ್ ಮತ್ತು ಚಾಂಪಿಯನ್ ಆದ ಡೇಲ್ ಅರ್ನ್‌ಹಾರ್ಟ್ ಇಬ್ಬರೂ ಅಗಲಿದ ಇಬ್ಬರ ಕಾರಿನ ಸಂಖ್ಯೆಗಳಾದ 7 ಮತ್ತು 28 ಎಂದು ಬರೆದ ಬಾವುಟಗಳನ್ನು ಕಿಟಕಿಯಿಂದ ಹೊರಚಾಚಿ ಜೊತೆಜೊತೆಯಾಗಿ ಉಲ್ಟಾ ಸುತ್ತಿದರು. 207 ರೇಸು, ಐದು ಗೆಲುವು, 24 ಪೋಲ್ (ಎಲ್ಲರಿಗಿಂತ ಮುಂದೆ ನಿಂತು ಹೊರಟದ್ದು): ಕುಲ್ವಿಕಿಯ ವೃತ್ತಿ ಇಷ್ಟೇ. ಹಾಲ್ ಆಫ್ ಫೇಮ್‌ಗೆ ಆತನನ್ನು ಸೇರಿಸಿಕೊಂಡದ್ದು 2019ರಲ್ಲಿ, ಡೇವಿ ಆಲಿಸನ್ ಮತ್ತು ಜೆಫ್ ಗಾರ್ಡನ್ ಜೊತೆಯಲ್ಲಿ.

ಇಲ್ಲಿ ನನ್ನ ತರ್ಕ ಎಡವುತ್ತದೆ. ಜಾನ್ಸನ್‌ಗೆ ಹ್ಞೂಂ ಎಂದಿದ್ದರೆ ಆತ ಈ ಪ್ರಾಯೋಜಕರ ಬಳಿಗೆ ಹೋಗುತ್ತಿರಲಿಲ್ಲ, ಆ ವಿಮಾನ ಹತ್ತುತ್ತಿರಲಿಲ್ಲ ಎಂದು ಯಾರಾದರೂ ಹೇಳಬಹುದು, ಅಮ್ಮ ಹೇಳುವ ಧಾಟಿಯಲ್ಲಿಯೇ. ಆ ಒಂದು ಒಲ್ಲೆಯೇ ನವೆಂಬರ್‌ನಲ್ಲಿ ಚಾಂಪಿಯನ್‌ಷಿಪ್ ಕಪ್ ಅನ್ನೂ ಏಪ್ರಿಲ್‌ನಲ್ಲಿ ವಿಮಾನವನ್ನೂ ತಂದಿತು ಎಂದಾದರೆ, ನವೆಂಬರ್‌ನಲ್ಲಿ ಸರಿಯಾಗಿದ್ದುದು ಏಪ್ರಿಲ್‌ನಲ್ಲಿ ತಪ್ಪಾಗಬೇಕು. ಹಾಗೆ ಎಣಿಸುವುದು ನನಗೆ ಒಪ್ಪಿಗೆಯಿಲ್ಲ. 1990ರಲ್ಲಿ ಆತನ ಮುಂದೆ ಇದ್ದುದು ಒಂದೇ ಪ್ರಶ್ನೆ: ಕಾರಿನ ಸ್ಪ್ರಿಂಗು ಯಾವುದಿರಬೇಕೆಂದು ಯಾರು ಹೇಳುವುದು? ಅದಕ್ಕೆ ಆತನಿಗೆ ತಿಳಿದಿದ್ದ ಉತ್ತರ ಒಂದೇ, ಅದನ್ನು ಕೊಟ್ಟ. ಅಟ್ಲಾಂಟಾದ ನೂರಾ ಮೂರು ಒಂದು ವೇಳೆ ನೂರಾ ಎರಡಾಗಿದ್ದರೂ ಆ ಉತ್ತರ ಬೇರೆಯಾಗುತ್ತಿರಲಿಲ್ಲ. ಕಾಟನ್ ವೇಸ್ಟಿನಿಂದ ಬೆರಳು ಒರೆಸಿಕೊಳ್ಳುತ್ತಿದ್ದ ಅಪ್ಪನ ಮುಂದೆಯೂ ಇದ್ದದ್ದು ಹೆಚ್ಚು ಕಡಿಮೆ ಇದೇ ಪ್ರಶ್ನೆ ಎಂದು ಈಗ ಅನ್ನಿಸುತ್ತದೆ. ಆ ಕ್ಯಾಲೆಂಡರ್ ಹಾಳೆಯಲ್ಲಿ ಅವರು ಏನು ಲೆಕ್ಕ ಹಾಕಿದ್ದರೋ ನಾನು ಕೇಳಲಿಲ್ಲ.

ವಾಪಸು ಬರುವಾಗ ಮಳೆ ಇನ್ನೂ ಬೀಳುತ್ತಿತ್ತು. ಅಮ್ಮ ಬಹಳ ಹೊತ್ತು ಕಿಟಕಿಯ ಕಡೆಗೆ ನೋಡುತ್ತ ಕೂತಿದ್ದಳು.

"ಅವನ ಕಾರ್ಖಾನೆ ಏನಾಯಿತು?" ಎಂದು ಕೇಳಿದಳು.

"ಇನ್ನೊಬ್ಬ ಡ್ರೈವರ್ ಕೊಂಡುಕೊಂಡ. ಜೆಫ್ ಬೊಡೈನ್ ಅಂತ."

"ಹೂಂ. ಅವನ ಅಮ್ಮ?"

"ಅವನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರಂತೆ."

ವೈಪರು ನಾಲ್ಕೈದು ಬಾರಿ ಆಚೀಚೆ ಹೋಯಿತು. "ಹಾಗಾದರೆ" ಎಂದಳು ಅಮ್ಮ, "ಹ್ಞೂಂ ಅನ್ನು ಅಂತ ಹೇಳೋಕೆ ಅವನಿಗೆ ಯಾರೂ ಇರಲಿಲ್ಲ."